ಕಾಣದ ಸಿಂಹವನ್ನೂ ಬರೆದಿಡಿ

ಕೀನ್ಯಾದ ಮಸಾಯಿ ಮಾರಾದಲ್ಲಿ ಸಿಂಹ ತೋರಿಸುವುದು ದೊಡ್ಡ ವಿದ್ಯೆಯೇನಲ್ಲ. ಬಯಲು ಸೀಮೆ. ಹುಲ್ಲು ಗಿಡ್ಡವಿರುವ ತಿಂಗಳುಗಳಲ್ಲಿ ಸಿಂಹ ಮಲಗಿದ್ದರೂ ದುರ್ಬೀನಿಗೆ ಕಿವಿಯ ತುದಿ ಸಿಕ್ಕಿಬಿಡುತ್ತದೆ. ನಮಗೆ ಸಿಗದಿದ್ದರೆ ರೇಡಿಯೋದಲ್ಲಿ ಇನ್ನೊಬ್ಬ ಗೈಡ್ ಹೇಳುತ್ತಾನೆ. ಬೆಂಗಳೂರು, ಮೈಸೂರು, ಶಿವಮೊಗ್ಗಗಳಿಂದ ಕ್ಯಾಮೆರಾ ಹೊತ್ತು ಬರುವ ತಂಡಗಳನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಸಿಂಹ ಹುಡುಕುವ ಉಪಾಯವಲ್ಲ, ಅವತ್ತು ಯಾವ ಸಿಂಹ ಗುಂಪಿನಲ್ಲಿ ಇರಲಿಲ್ಲ ಎಂಬುದನ್ನು ಬರೆದಿಡುವ ಅಭ್ಯಾಸ.

ಇದನ್ನು ಕಲಿಸಿದವರು ನಮ್ಮ ಜೀಪು ಓಡಿಸುವ ಮಸಾಯಿ ಹಿರಿಯರು. ಚಾಲಕರೂ ಅವರೇ, ಗೈಡೂ ಅವರೇ. ಒಂದು ಪ್ರೈಡ್, ಅಂದರೆ ಸಿಂಹಗಳ ಒಂದು ಗುಂಪಿನ ಹತ್ತಿರ ಗಾಡಿ ನಿಲ್ಲಿಸಿದ ಕೂಡಲೇ ನಾವೆಲ್ಲ ಎಷ್ಟಿವೆ ಎಂದು ಎಣಿಸಲು ಶುರುಮಾಡುತ್ತೇವೆ. ಅವರು ಯಾರು ಬಂದಿಲ್ಲ ಎಂದು ನೋಡುತ್ತಾರೆ. ಹಳ್ಳಿಯ ಮದುವೆಯಲ್ಲಿ ಹಿರಿಯಜ್ಜಿಯೊಬ್ಬಳು ಚಪ್ಪರದಲ್ಲಿ ಕೂತು, ಬಾರದ ನೆಂಟರು ಯಾರು, ಯಾಕೆ ಬಂದಿಲ್ಲ ಎಂದು ಲೆಕ್ಕ ಹಾಕುತ್ತಾಳಲ್ಲ, ಹಾಗೆ. ನನ್ನ ಪುಸ್ತಕದಲ್ಲೂ ಈಗ ನಾಲ್ಕು ಅಂಕಣಗಳಿವೆ: ಕಂಡವರು, ಕಾಣದವರು, ಎಲ್ಲೆಲ್ಲಿ ಹುಡುಕಿದೆವು, ಎಷ್ಟು ಹೊತ್ತು ಹುಡುಕಿದೆವು. ಕೊನೆಯ ಎರಡು ಇಲ್ಲದಿದ್ದರೆ ಎರಡನೆಯದಕ್ಕೆ ಬೆಲೆಯಿಲ್ಲ.

ಬಾರದವರನ್ನು ಬರೆಯಬೇಕಾದರೆ ಒಂದೊಂದು ಸಿಂಹವೂ ಬೇರೆಬೇರೆಯಾಗಿ ಗೊತ್ತಿರಬೇಕು. ಗಂಡಿನ ಕೇಸರವನ್ನು ನಂಬಿದರೆ ಕೆಟ್ಟೆವು. ಅದು ವಯಸ್ಸಿನ ಜೊತೆ ಬೆಳೆಯುತ್ತದೆ, ಕಪ್ಪಾಗುತ್ತದೆ, ಜಗಳದಲ್ಲಿ ಕಿತ್ತುಹೋಗುತ್ತದೆ. ಕಿವಿಯ ಹರುಕು ಒಳ್ಳೆಯ ಗುರುತು, ಆದರೆ ಹೊಸ ಹರುಕು ಯಾವಾಗ ಬೇಕಾದರೂ ಸೇರಬಹುದು. ಬದಲಾಗದೆ ಉಳಿಯುವುದು ಮೀಸೆಯ ಬುಡದ ಚುಕ್ಕೆಗಳು. ಮೀಸೆಗೂದಲು ಸಾಲುಸಾಲಾಗಿ ಹುಟ್ಟುತ್ತವೆ. ಮೇಲಿನ ಮೊದಲ ಪೂರ್ಣ ಸಾಲಿನ ಮೇಲೆ ಕೆಲವೇ ಬಿಡಿ ಚುಕ್ಕೆಗಳಿರುತ್ತವೆ. ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರಕ್ಕೆ ಇವು ಕೂತಿವೆ ಎಂಬುದು ಒಂದೊಂದು ಸಿಂಹಕ್ಕೆ ಒಂದೊಂದು ಥರ, ಎಡಕೆನ್ನೆಗೂ ಬಲಕೆನ್ನೆಗೂ ಬೇರೆ, ಹುಟ್ಟಿನಿಂದ ಸಾವಿನ ತನಕ ಅದೇ. ಪೆನಿಕ್ವಿಕ್ ಮತ್ತು ರುಡ್ನಾಯ್ ಎಂಬ ಇಬ್ಬರು ಸಂಶೋಧಕರು 1970ರಲ್ಲಿ ಈ ವಿಧಾನವನ್ನು ಕ್ರಮಬದ್ಧವಾಗಿ ಬರೆದಿಟ್ಟರು. ಇವತ್ತಿಗೂ ಅದೇ ನಡೆಯುತ್ತಿದೆ. ಅದಕ್ಕೇ ನಮ್ಮ ತಂಡದವರಿಗೆ ಮೊದಲ ಬೆಳಿಗ್ಗೆಯೇ ಹೇಳುತ್ತೇನೆ: ಆಕಳಿಕೆ, ಗರ್ಜನೆ ಎಲ್ಲ ತೆಗೆಯಿರಿ, ಜೊತೆಗೆ ಎರಡೂ ಕೆನ್ನೆಯ ಪಕ್ಕನೋಟದ ಒಂದೊಂದು ಫೋಟೋ ನನಗೆ ಕೊಡಿ.

ವಯಸ್ಸಿಗೆ ಮೂಗು ನೋಡುತ್ತೇವೆ. ಎಳೆಯದಾಗಿದ್ದಾಗ ಗುಲಾಬಿ. ವರ್ಷ ಕಳೆದಂತೆ ಕಪ್ಪು ಕಲೆಗಳು ಹರಡುತ್ತವೆ. ಮಾರಾಕ್ಕೆ ಅಂಟಿಕೊಂಡ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಐದಾರು ವರ್ಷದ ಹೊತ್ತಿಗೆ ಸುಮಾರು ಅರ್ಧ ಕಪ್ಪಾಗಿರುತ್ತದೆ.

ಈಗ ಗೈರುಹಾಜರಿಯ ಅರ್ಥಕ್ಕೆ ಬರೋಣ. ಹೆಣ್ಣೊಂದು ವಾರಗಟ್ಟಲೆ ಕಾಣದಿದ್ದರೆ ಕ್ಯಾಂಪಿನಲ್ಲಿ ಅವಳು ಸತ್ತಳೆಂಬ ಸುದ್ದಿ ಹುಟ್ಟಿಕೊಳ್ಳುತ್ತದೆ. ಸಿಂಹಿಣಿಯ ಗರ್ಭ ಸುಮಾರು 110 ದಿನ. ಮರಿ ಹಾಕುವ ಹೊತ್ತಿಗೆ ಅವಳು ಗುಂಪು ಬಿಟ್ಟು ಹಳ್ಳದ ಪೊದೆಯನ್ನೋ ಕಲ್ಲುಗುಡ್ಡವನ್ನೋ ಸೇರುತ್ತಾಳೆ. ಆರರಿಂದ ಎಂಟು ವಾರ ಮರಿಗಳನ್ನು ಗುಂಪಿಗೆ ತೋರಿಸುವುದಿಲ್ಲ. ಟಾಲೆಕ್ ನದಿಯ ಕಡೆಯ ಒಂದು ಪ್ರೈಡ್‌ನಲ್ಲಿ ಎಡಗಿವಿ ಹರಿದ ಒಬ್ಬಳು ಹೀಗೆ ಮಾಯವಾಗಿದ್ದಳು. ಪುಸ್ತಕದಲ್ಲಿ ಹಿಂದಕ್ಕೆ ಎಣಿಸಿ ನೋಡಿದರೆ, ಮೂರು ತಿಂಗಳಿಗೂ ಸ್ವಲ್ಪ ಹೆಚ್ಚು ಹಿಂದೆ ಅವಳು ಗಂಡಿನ ಜೊತೆ ಗುಂಪಿನಿಂದ ದೂರ ಮಲಗಿದ್ದ ದಾಖಲೆ ಸಿಕ್ಕಿತು. ಬೆದೆಯ ಆ ಮೂರ್ನಾಲ್ಕು ದಿನ ಜೋಡಿ ಇಪ್ಪತ್ತು ನಿಮಿಷಕ್ಕೊಮ್ಮೆ ಕೂಡುತ್ತದೆ, ಬೇಟೆಯ ಕಡೆ ಗಮನವಿರುವುದಿಲ್ಲ, ಆದ್ದರಿಂದ ಕಣ್ಣಿಗೆ ತಪ್ಪುವ ದೃಶ್ಯವಲ್ಲ ಅದು. ಒಂದು ಸಂಜೆ ಅವಳು ಒಬ್ಬಳೇ ನೀರಿಗೆ ಬಂದಳು. ಎಲ್ಲರ ಲೆನ್ಸ್ ಮುಖದ ಮೇಲಿದ್ದಾಗ ಹಿರಿಯರು ಹೊಟ್ಟೆಯ ಕಡೆ ಕೈ ತೋರಿಸಿದರು. ಮೊಲೆತೊಟ್ಟಿನ ಸುತ್ತ ಕೂದಲು ಒದ್ದೆಯಾಗಿ ಉಂಗುರದಂತೆ ಅಂಟಿಕೊಂಡಿತ್ತು. ಮರಿಗಳು ಆಗಷ್ಟೇ ಹಾಲು ಕುಡಿದಿದ್ದವು. ಅವಳು ಹೊರಟ ದಿಕ್ಕಿಗೆ ನಾವು ಹೋಗಲಿಲ್ಲ. ರೇಡಿಯೋದಲ್ಲೂ ಹೇಳಲಿಲ್ಲ. ಗಾಡಿಗಳು ಸುತ್ತುವರಿದ ಪೊದೆ ಕತ್ತೆಕಿರುಬಗಳಿಗೂ ಗೊತ್ತಾಗುತ್ತದೆ.

ಗಂಡುಗಳ ವಿಷಯ ಬೇರೆ. ಅಲ್ಲಿ ಗೈರುಹಾಜರಿ ಎಂದರೆ ಬಹುಪಾಲು ಅಪಾಯ.

ಎರಡು-ಮೂರು ವರ್ಷಕ್ಕೆ ಗಂಡುಮರಿಗಳು ಹುಟ್ಟಿದ ಗುಂಪು ಬಿಡಬೇಕಾಗುತ್ತದೆ. ಆಮೇಲೆ ಒಂಟಿಯಾಗಿ ಬದುಕುವುದು ಬಲು ಕಷ್ಟ, ಹಾಗಾಗಿ ಜೊತೆ ಕಟ್ಟಿಕೊಳ್ಳುತ್ತವೆ. ಗೈಡ್‌ಗಳು ಕೊಯಲಿಷನ್ ಎನ್ನುವುದು ಇದಕ್ಕೇ. ನಾಲ್ಕು ಅಥವಾ ಹೆಚ್ಚು ಗಂಡುಗಳ ಕೂಟವಾದರೆ ಸಾಮಾನ್ಯವಾಗಿ ಅಣ್ಣತಮ್ಮಂದಿರು, ದಾಯಾದಿಗಳು. ಇಬ್ಬರು ಮೂವರಿದ್ದರೆ ರಕ್ತಸಂಬಂಧವೇ ಇಲ್ಲದವರೂ ಇರಬಹುದು ಎಂದು ಸೆರೆಂಗೆಟಿಯಲ್ಲಿ ಸಿಂಹ ಸಂಶೋಧಕ ಕ್ರೇಗ್ ಪ್ಯಾಕರ್ ಮತ್ತು ಜೊತೆಗಾರರು ತೋರಿಸಿದ್ದಾರೆ. ಒಂದು ಕೂಟ ಒಂದು ಪ್ರೈಡ್ ಮೇಲೆ ಹಿಡಿತ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಎರಡು-ಮೂರು ವರ್ಷ. ಮರಿಯೊಂದು ತನ್ನ ಕಾಲ ಮೇಲೆ ನಿಲ್ಲಲು ಬೇಕಾದದ್ದೂ ಸುಮಾರು ಎರಡು ವರ್ಷ. ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರೆ ಗಂಡುಗಳ ಅವಸರ ಅರ್ಥವಾಗುತ್ತದೆ. ಹೊಸಬರು ಬಂದರೆ ಹಳೆಯವರ ಎಳೆಮರಿಗಳನ್ನು ಕೊಲ್ಲುತ್ತಾರೆ, ತಾಯಂದಿರು ಬೇಗ ಮತ್ತೆ ಬೆದೆಗೆ ಬರುತ್ತಾರೆ. ಸೆರೆಂಗೆಟಿಯಲ್ಲಿ ಮೊದಲ ವರ್ಷ ಸಾಯುವ ಮರಿಗಳಲ್ಲಿ ಸುಮಾರು ಕಾಲುಭಾಗ ಹೀಗೆ ಸಾಯುತ್ತವೆ.

ಮಾರಾದಲ್ಲಿ ಜಗತ್ತಿಗೆಲ್ಲ ಗೊತ್ತಿದ್ದ ಕೂಟವೆಂದರೆ ಸ್ಕಾರ್‌ಫೇಸ್, ಮೊರಾನಿ, ಸಿಕಿಯೊ, ಹಂಟರ್ ನಾಲ್ವರದ್ದು. ಕಣ್ಣಿನ ಮೇಲಿನ ಗಾಯದ ಗುರುತಿನ ಸ್ಕಾರ್‌ಫೇಸ್ 2021ರ ಜೂನ್‌ನಲ್ಲಿ ಮುಪ್ಪಾಗಿ ಸತ್ತ. ಆಗ ಅವನಿಗೆ ಹದಿಮೂರು ದಾಟಿತ್ತು. ಕಾಡಿನ ಗಂಡಿಗೆ ಅದು ಅಪರೂಪದ ಆಯುಷ್ಯ. ಅವನ ಮುಖವನ್ನು ಎಲ್ಲರೂ ಪೋಸ್ಟರಿಗೆ ಹಾಕಿದರು. ಪಕ್ಕದಲ್ಲಿ ಮೂವರು ಇದ್ದದ್ದರಿಂದಲೇ ಆ ಮುಖ ಅಷ್ಟು ವರ್ಷ ಉಳಿಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟಾಲೆಕ್ ಕಡೆಯ ಪ್ರೈಡ್‌ಗೆ ಇಬ್ಬರು ಗಂಡುಗಳಿದ್ದರು. ಒಂದು ಋತುವಿನಲ್ಲಿ ದೊಡ್ಡವನು ಸತತವಾಗಿ ‘ಕಾಣದವರು’ ಅಂಕಣಕ್ಕೇ ಬೀಳತೊಡಗಿದ. ಬೆಳಗಿನ ಜಾವ ಕ್ಯಾಂಪಿಗೆ ಕೇಳುತ್ತಿದ್ದ ಜೋಡಿ ಗರ್ಜನೆ ನಿಂತಿತು. ಉಳಿದವನು ಗುಂಪಿನ ಹತ್ತಿರ ಇದ್ದರೂ ದನಿ ತೆಗೆಯುತ್ತಿರಲಿಲ್ಲ. ಸಿಂಹದ ಗರ್ಜನೆ ಹಲವು ಕಿಲೋಮೀಟರ್ ದೂರ ಕೇಳುತ್ತದೆ. ಅದರಲ್ಲಿ ಎಷ್ಟು ದನಿಗಳಿವೆ ಎಂದು ಸಿಂಹಗಳು ತೂಗಿ ನೋಡುತ್ತವೆ. ಧ್ವನಿಮುದ್ರಣ ಕೇಳಿಸಿ 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಂದೇ ಪರಕೀಯ ದನಿ ಕೇಳಿದಾಗ ಮುನ್ನುಗ್ಗಿದ ಸಿಂಹಿಣಿಯರು ಮೂರು ದನಿ ಕೇಳಿದಾಗ ಹಿಂಜರಿದಿದ್ದರು. ಒಂಟಿ ಉಳಿದವನು ಗರ್ಜಿಸಿದರೆ ತಾನು ಒಂಟಿಯೆಂದು ಸಾರಿದಂತೆ.

ಅದೇ ದಿನಗಳಲ್ಲಿ ನಮ್ಮ ತಂಡದಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬೇಸರದಿಂದಲೇ ಕೇಳಿದರು, “ಏನಪ್ಪಾ, ಬರೀ ಹೆಣ್ಣುಗಳನ್ನೇ ತೋರಿಸ್ತಾ ಇದ್ದೀಯ. ಒಂದು ದೊಡ್ಡ ಗಂಡು ತೋರಿಸಿಬಿಡು, ಸಾಕು.”

“ಸರ್, ಆ ಹೆಣ್ಣುಗಳು ಎಲ್ಲಿ ಮಲಗಿವೆ ನೋಡಿ” ಎಂದೆ. ಪುಸ್ತಕ ತೆರೆದು ಕೊಟ್ಟೆ. ಬಯಲಿನ ನಡುವೆ ನೆರಳಲ್ಲಿ ಮಲಗುತ್ತಿದ್ದ ಗುಂಪು ವಾರದೊಳಗೆ ಪ್ರದೇಶದ ಅಂಚಿನ ಕಲ್ಲುದಿಬ್ಬಕ್ಕೆ ಸರಿದಿತ್ತು. ದೊಡ್ಡ ಮರಿಗಳಿದ್ದ ಇಬ್ಬರು ಗುಂಪಿನಿಂದಲೇ ಬೇರೆಯಾಗಿದ್ದರು. ಬ್ಯಾಂಕಿನವರಿಗೆ ಲೆಡ್ಜರ್ ಓದಲು ಯಾರೂ ಹೇಳಿಕೊಡಬೇಕಿಲ್ಲ. ಪುಟ ತಿರುವಿ, ದಿನಾಂಕ ನೋಡಿ, “ಇವರು ಓಡಿಹೋಗ್ತಾ ಇದ್ದಾರೆ ಅಲ್ವಾ?” ಎಂದರು. ಅಲ್ಲಿಂದ ಮುಂದೆ ಅವರು ಗಂಡು ಕೇಳಲಿಲ್ಲ. ಪ್ರತಿ ಬೆಳಿಗ್ಗೆ, “ಅವರಿಬ್ಬರು ಸಿಕ್ಕರಾ?” ಎಂದು ಕೇಳುತ್ತಿದ್ದರು.

ಹೊಸ ಗಂಡುಗಳು ಬಂದೇ ಬಂದವು, ಮೂವರು, ಮೂಗಿನ ಮೇಲೆ ಹಸಿ ಗಾಯ. ಗುಂಪಿನಲ್ಲಿ ಉಳಿದಿದ್ದ ಎಳೆಮರಿಗಳು ಆಮೇಲೆ ನಮಗೆ ಕಾಣಲಿಲ್ಲ. ದೊಡ್ಡ ಮರಿಗಳೊಂದಿಗೆ ಬೇರೆಯಾಗಿದ್ದ ಇಬ್ಬರು ಅಂಚಿನಲ್ಲೇ ಉಳಿದು ಮರಿಗಳನ್ನು ಬೆಳೆಸಿದರು. ತಂಡದವರಿಗೆ ಆ ವಾರ ತುಂಬ ಭಾರವಾಗಿತ್ತು, ನನಗೂ. ಹೊಸ ಗಂಡುಗಳನ್ನು ಖಳರೆನ್ನಲು ನನಗೆ ಬಾಯಿ ಬರುವುದಿಲ್ಲ, ಅವರಿಗೂ ಎರಡು-ಮೂರು ವರ್ಷದ ಗಡುವು ಇದ್ದೇ ಇದೆ.

ಇಲ್ಲಿ ಒಂದು ಎಚ್ಚರ. ಗೈರುಹಾಜರಿಯ ಅರ್ಥ ಊರಿಂದ ಊರಿಗೆ ಬದಲಾಗುತ್ತದೆ. ಗುಜರಾತಿನ ಗಿರ್‌ಗೆ ಹೋಗಿಬಂದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅಲ್ಲಿ ಹೆಣ್ಣುಗಳ ಗುಂಪು ಬೇರೆ, ಗಂಡುಗಳ ಕೂಟ ಬೇರೆ. ಬೆದೆಗೆ ಅಥವಾ ದೊಡ್ಡ ಬೇಟೆಗೆ ಮಾತ್ರ ಸೇರುತ್ತವೆ. ಅಲ್ಲಿ ಹೆಣ್ಣುಗಳ ಪಕ್ಕ ಗಂಡು ಇಲ್ಲದಿದ್ದರೆ ಅದು ದಿನನಿತ್ಯದ ಸಂಗತಿ. ಕೂಟದೊಳಗಿನ ಹಂಚಿಕೆಯೂ ಸಮವಲ್ಲ. ಸ್ತೋತ್ರ ಚಕ್ರವರ್ತಿ ಮತ್ತು ಯಾದವೇಂದ್ರದೇವ್ ಝಾಲಾ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೂಡಿಕೆಯ 70 ಶೇಕಡಕ್ಕೂ ಹೆಚ್ಚು ಪಾಲು ಮೇಲುಗೈಯ ಗಂಡಿನದಾಗಿತ್ತು. ಮಾರಾದ ಲೆಕ್ಕವನ್ನು ಹೊತ್ತುಕೊಂಡು ಗಿರ್‌ಗೆ ಹೋದರೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ.

ಮಾರಾದೊಳಗೇ ನೋಡಿ. ದಕ್ಷಿಣಕ್ಕೆ ತಾಂಜಾನಿಯಾದ ಗಡಿ, ಬೇಲಿ ಇಲ್ಲ. ಸಿಂಹ ನಡೆದುಕೊಂಡು ಸೆರೆಂಗೆಟಿಗೆ ಹೋಗುತ್ತದೆ, ನಮ್ಮ ಗಾಡಿ ಹೋಗುವಂತಿಲ್ಲ. ಏಪ್ರಿಲ್-ಮೇ ಮಳೆಯಲ್ಲಿ ಎರೆಮಣ್ಣು ಚಕ್ರ ಹಿಡಿದುಕೊಂಡರೆ ದಿನವೆಲ್ಲ ಅಲ್ಲೇ. ಆ ದಿನಗಳಲ್ಲಿ ‘ಕಾಣಲಿಲ್ಲ’ ಎಂದಷ್ಟೇ ಬರೆದರೆ ಅದು ಸಿಂಹದ ಸುದ್ದಿಯಲ್ಲ, ರಸ್ತೆಯ ಸುದ್ದಿ. ಅದಕ್ಕೇ ಎಲ್ಲಿ, ಎಷ್ಟು ಹೊತ್ತು ಎಂಬ ಎರಡು ಅಂಕಣ ಬಿಡಬೇಡಿ ಎನ್ನುವುದು.

ಹುಡುಕಾಟವನ್ನೂ ದಾಖಲಿಸಬೇಕು ಎನ್ನುವ ವಿಚಾರಕ್ಕೆ ಕನ್ನಡ ನೆಲದ ನಂಟಿದೆ. ಪುತ್ತೂರು ಮೂಲದ ಹುಲಿತಜ್ಞ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಹುಲಿಯ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಿ, ಕಾಣದೆ ಉಳಿದ ಹುಲಿಗಳೆಷ್ಟಿರಬಹುದೆಂದು ಲೆಕ್ಕ ಹಾಕುವ ದಾರಿ ತೋರಿಸಿದರು. ಆ ದಾರಿಯ ಮುಂದುವರಿದ ರೂಪವೇ ಮಾರಾಕ್ಕೂ ಬಂತು. ಸಂಶೋಧಕರಾದ ನಿಕೊಲಸ್ ಎಲಿಯಟ್ ಮತ್ತು ಅರ್ಜುನ್ ಗೋಪಾಲಸ್ವಾಮಿ ಮೀಸೆಚುಕ್ಕೆಯ ಫೋಟೋಗಳನ್ನೂ ಗಾಡಿ ಓಡಿದ ದಾರಿಯನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ನೂರು ಚದರ ಕಿಲೋಮೀಟರಿಗೆ ಒಂದು ವರ್ಷ ಮೀರಿದ ಸುಮಾರು 17 ಸಿಂಹಗಳು ಎಂಬ ಅಂದಾಜು ಬಂತು. ಗಾಡಿ ಓಡಿಯೂ ಸಿಂಹ ಸಿಗದ ಕಿಲೋಮೀಟರುಗಳು ಆ ಲೆಕ್ಕದೊಳಗೆ ಇವೆ.

ಗೈರುಹಾಜರಿಯನ್ನು ಬೇಗ ಗಮನಿಸಬೇಕಾದ ಇನ್ನೊಂದು ಕಾರಣ ವಿಷ. 2015ರ ಡಿಸೆಂಬರ್‌ನಲ್ಲಿ ಮಾರಾದ ಮಾರ್ಷ್ ಪ್ರೈಡ್ ಎಂಬ ಗುಂಪು ದನ ಹಿಡಿದ ಮೇಲೆ ಸತ್ತ ದನದ ಮಾಂಸಕ್ಕೆ ಕೀಟನಾಶಕ ಬೆರೆಸಿ ಇಡಲಾಯಿತು. 17 ವರ್ಷದ ಬೀಬಿ ಎಂಬ ಹಿರಿಯ ಸಿಂಹಿಣಿ ಅದರಲ್ಲಿ ಸತ್ತಳು. ಒಂದೇ ಗುಂಪಿನ ಹಲವರು ಒಂದೇ ದಿನ ಕಾಣೆಯಾದರೆ, ಹತ್ತಿರದಲ್ಲಿ ರಣಹದ್ದುಗಳೂ ಬಿದ್ದಿದ್ದರೆ, ಸಂಜೆಯ ತನಕ ಕಾಯಬಾರದು. ಆ ಕ್ಷಣವೇ ರೇಂಜರ್‌ಗಳಿಗೆ ತಿಳಿಸಬೇಕು. ಪಶುವೈದ್ಯರು ಬೇಗ ಬಂದರೆ ಕೆಲವಾದರೂ ಉಳಿಯುತ್ತವೆ.

ಮಾರಾಕ್ಕೆ ಹೋಗುವ ಯೋಚನೆ ಇರುವವರಿಗೆ ನನ್ನ ಕೋರಿಕೆ ಇಷ್ಟು. ನಿಮ್ಮ ಫೋಟೋಗಳಲ್ಲಿ ಎರಡೂ ಕೆನ್ನೆ ಸ್ಪಷ್ಟವಿರುವವನ್ನು ದಿನಾಂಕ, ಜಾಗದ ಸಮೇತ ನಿಮ್ಮ ಗೈಡ್‌ಗೆ ಕೊಟ್ಟುಬನ್ನಿ. ಪರಭಕ್ಷಕಗಳ ದಾಖಲೆ ಇಡುವವರಿಗೆ ಅವರು ತಲುಪಿಸುತ್ತಾರೆ. ಯಾವ ಬೆಳಿಗ್ಗೆ ಏನೂ ಸಿಗಲಿಲ್ಲವೋ ಆ ಬೆಳಗಿನ ದಾರಿಯನ್ನೂ ಬರೆಸಿ. ಎಳೆಮರಿಗಳ ಫೋಟೋ ಮಾತ್ರ ಎರಡು ತಿಂಗಳು ನಿಮ್ಮಲ್ಲೇ ಇರಲಿ. ಆಮೇಲೂ ಹಾಕುವಾಗ ಜಾಗದ ಹೆಸರು ತೆಗೆದು ಹಾಕಿ.