ಮಲೆನಾಡಿನ ಮನೆಯಲ್ಲಿ ಟ್ರಾನ್ಸ್ ಮಿಕ್ಸ್: ಮೊದಲ ಡಿಸ್ಕ್ ಮುಗಿಯಿತು, ಎರಡನೆಯದು ಶುರು

ಟ್ರ್ಯಾಕ್‌ಗಳನ್ನು ಒಂದಕ್ಕೊಂದು ಬೆಸೆದು ನಾನು ಮಾಡುತ್ತಿರುವ ಎರಡು ಡಿಸ್ಕಿನ ಮಿಕ್ಸ್ ಆಲ್ಬಮ್‌ನಲ್ಲಿ ಮೊದಲ ಡಿಸ್ಕ್ ಮುಗಿದಿದೆ. 12 ಟ್ರ್ಯಾಕ್, 73 ನಿಮಿಷ ಚಿಲ್ಲರೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಪೂರ್ತಿ ಪ್ರೋಗ್ರೆಸಿವ್ ಹೌಸ್, ಅಂದರೆ ನಿಧಾನಕ್ಕೆ ಬೆಳೆಯುವ ಎಲೆಕ್ಟ್ರಾನಿಕ್ ನೃತ್ಯ ಸಂಗೀತ, 122 ಬಿಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಬೀಟ್) ಶುರುವಾಗಿ ನಿಧಾನಕ್ಕೆ 128ಕ್ಕೆ ಬಂದು ಮುಗಿಯುತ್ತದೆ. ಎರಡನೇ ಡಿಸ್ಕ್ ಟ್ರಾನ್ಸ್, ಅದೇ ಜಾತಿಯ ಆದರೆ ಇನ್ನೂ ವೇಗದ, ರಾಗ ಮುಂದಿರುವ ಸಂಗೀತ, 130ರಿಂದ 138. ಅದರ ಕೆಲಸ ಈಗಷ್ಟೇ ಹಿಡಿದಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಇದು ಮಾರಾಟಕ್ಕಲ್ಲ. ಟ್ರ್ಯಾಕ್‌ಗಳನ್ನೆಲ್ಲ ದುಡ್ಡು ಕೊಟ್ಟೇ ತೆಗೆದುಕೊಂಡಿದ್ದೇನೆ, ಆದರೆ ಮಿಕ್ಸ್ ಮಾಡಿ ಮಾರಬೇಕು ಅಂದರೆ ಒಂದೊಂದು ಲೇಬಲ್‌ನಿಂದಲೂ (ರೆಕಾರ್ಡ್ ಕಂಪನಿಯಿಂದಲೂ) ಬೇರೆಯಾಗಿ ಅನುಮತಿ ತೆಗೆದುಕೊಳ್ಳಬೇಕು. ನನಗೆ ಬೇಕಿರುವುದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ದೀಪಾವಳಿ ಆದ ಮೇಲೆ ರಾತ್ರಿ ಅಡಿಕೆ ಸುಲಿಯೋಕೆ ಕೂತಾಗ ಹಾಕುವ ಒಂದು ಆಲ್ಬಮ್, ಅಷ್ಟೇ. ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಕೂತವರ ಕೈಗೆ ಒಂದು ಲಯ ಹತ್ತಿರುತ್ತದೆ. ನಾಲ್ಕು ನಿಮಿಷಕ್ಕೊಂದು ಹಾಡು ಮುಗಿದು ಇನ್ನೊಂದು ಬೇರೆಯದೇ ವೇಗದಲ್ಲಿ ಶುರುವಾದರೆ ಆ ಲಯ ತಪ್ಪುತ್ತದೆ. ಹೋದ ಸಲ ಸುಮ್ನೆ ಒಂದು ಮಿಕ್ಸ್ ಹಾಕಿ ನೋಡಿದ್ದೆ. ದೊಡ್ಡಮ್ಮ ಬೇಡ ಅಂತಾರೆ ಅಂದುಕೊಂಡಿದ್ದರೆ, "ಇದ್ರಲ್ಲಿ ಮಾತೇ ಇಲ್ಲ, ಒಳ್ಳೇದಾಯ್ತು, ನಮ್ಗೆ ಮಾತಾಡ್ಲಿಕ್ಕೆ ಆಗ್ತದೆ" ಅಂದರು. ಅಲ್ಲಿಂದಲೇ ಒಂದು ನಿಯಮ ಹುಟ್ಟಿತು: ಮೊದಲ ಡಿಸ್ಕ್‌ನಲ್ಲಿ ಹಾಡುವ ದನಿ ಬೇಡ.

ಎರಡು ಡಿಸ್ಕ್ ಅನ್ನುವ ಲೆಕ್ಕ ನನ್ನದಲ್ಲ. 90ರ ದಶಕದ ಬ್ರಿಟಿಷ್ ಮಿಕ್ಸ್ ಆಲ್ಬಮ್‌ಗಳಿಂದ ಬಂದದ್ದು. ಡಿಜೆಗಳಾದ ಸಾಶಾ ಮತ್ತು ಜಾನ್ ಡಿಗ್ವೀಡ್ ಸೇರಿ 1994ರಲ್ಲಿ ರೆನೆಸಾನ್ಸ್ ಕ್ಲಬ್ಬಿನ ಮಿಕ್ಸ್ ಕಲೆಕ್ಷನ್ ಮಾಡಿದರು, ಅದು ಮೂರು ಸಿಡಿ. 1996ರಲ್ಲಿ ಅವರದೇ ನಾರ್ದರ್ನ್ ಎಕ್ಸ್‌ಪೋಷರ್ ಬಂತು, ಎರಡು ಸಿಡಿ, ಒಂದು ಉತ್ತರ, ಒಂದು ದಕ್ಷಿಣ ಅಂತ ಹೆಸರು. ಅದೇ ವರ್ಷ ಶುರುವಾದ ಗ್ಲೋಬಲ್ ಅಂಡರ್‌ಗ್ರೌಂಡ್ ಸರಣಿಯಲ್ಲಿ ಒಂದೊಂದು ಆಲ್ಬಮ್‌ಗೆ ಒಂದೊಂದು ಊರಿನ ಹೆಸರು. ನಾನು ಮತ್ತೆ ಮತ್ತೆ ಕೇಳುವುದು ನಾರ್ದರ್ನ್ ಎಕ್ಸ್‌ಪೋಷರ್. ಅದರಲ್ಲಿ ಅವಸರವೇ ಇಲ್ಲ. ಕುಣಿಸಬೇಕು ಅನ್ನುವ ಚಡಪಡಿಕೆ ಮೊದಲಲ್ಲಿ ಕಾಣುವುದಿಲ್ಲ, ಕೇಳುವವನು ಕೂತಲ್ಲೇ ಕೂತಿರುತ್ತಾನೆ, ಯಾವಾಗ ಕಾಲು ಆಡೋಕೆ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಮಿಕ್ಸ್ ಆಲ್ಬಮ್ ಒಳ್ಳೆಯದೋ ಅಲ್ಲವೋ ಅನ್ನುವುದು ಮೊದಲ ಇಪ್ಪತ್ತು ನಿಮಿಷದಲ್ಲೇ ತೀರ್ಮಾನ ಆಗುತ್ತದೆ. ಕೊನೆಯ ಅಬ್ಬರ ಯಾರು ಬೇಕಾದರೂ ಜೋಡಿಸಬಹುದು. ಯಕ್ಷಗಾನದಲ್ಲೂ ಹಾಗೇ ಅಲ್ವಾ, ಭಾಗವತರು ಮೊದಲ ಪದ್ಯವನ್ನು ನಿಧಾನಕ್ಕೆ ಎತ್ತಿಕೊಂಡರೆ ಮಾತ್ರ ಬೆಳಗಿನ ಜಾವದ ಯುದ್ಧಕ್ಕೆ ಚಂಡೆ ಏರೋಕೆ ಜಾಗ ಇರುತ್ತದೆ.

ಸಿಡಿಯ ಹಳೆಯ ಅಳತೆ 74 ನಿಮಿಷ. ಈಗ ಯಾರೂ ಸಿಡಿ ಹಾಕುವುದಿಲ್ಲ, ನಾನೂ ಪೆನ್ ಡ್ರೈವ್‌ನಲ್ಲೇ ಹಾಕುವುದು, ಆದರೂ ಆ ಅಳತೆ ಬಿಟ್ಟಿಲ್ಲ. ಮಿತಿ ಇದ್ದರೆ ಯಾವುದು ಬೇಡ ಅಂತ ತೀರ್ಮಾನ ಮಾಡಲೇಬೇಕಾಗುತ್ತದೆ. ಲೆಕ್ಕ ಹೀಗಿದೆ: ಟ್ರ್ಯಾಕ್ ಒಂದಕ್ಕೆ ಸರಾಸರಿ ಏಳೂವರೆ ನಿಮಿಷ, 12ಕ್ಕೆ 90 ನಿಮಿಷ. ನಡುವೆ 11 ಬೆಸುಗೆ, ಒಂದೊಂದರಲ್ಲೂ ಒಂದೂವರೆ ನಿಮಿಷ ಎರಡೂ ಟ್ರ್ಯಾಕ್ ಒಟ್ಟಿಗೆ ಓಡುತ್ತವೆ. ಹಾಗೆ ಹದಿನಾರೂವರೆ ನಿಮಿಷ ಕಳೆದರೆ ಉಳಿಯುವುದು ಎಪ್ಪತ್ತಮೂರೂವರೆ.

ಈ ಬೆಸುಗೆಯಲ್ಲೇ ನನ್ನ ಜಾಸ್ತಿ ಸಮಯ ಹೋಗಿದ್ದು. ನಾಲ್ಕನೆಯದರಿಂದ ಐದನೆಯದಕ್ಕೆ ಹೋಗುವ ಜಾಗ ಹೇಳುತ್ತೇನೆ. ನಾಲ್ಕನೆಯದು 124 ಬಿಪಿಎಂ, ಶ್ರುತಿ ಎ ಮೈನರ್. ಐದನೆಯದು 126, ಇ ಮೈನರ್. ಯಾವ ಶ್ರುತಿಗೆ ಯಾವುದು ಹೊಂದುತ್ತದೆ ಅಂತ ನೋಡಲು ಡಿಜೆಗಳು ಬಳಸುವ ಕ್ಯಾಮಲಾಟ್ ಚಕ್ರದಲ್ಲಿ ಇವು 8ಎ ಮತ್ತು 9ಎ, ಅಕ್ಕಪಕ್ಕದ ಮನೆಗಳು, ಶ್ರುತಿ ಜಗಳ ಆಡುವುದಿಲ್ಲ. ವೇಗ ಹೊಂದಿಸಲು ನಾಲ್ಕನೆಯದನ್ನು ಶೇಕಡ ಒಂದೂವರೆಯಷ್ಟು ಏರಿಸಬೇಕು. ಕೀ ಲಾಕ್ (ವೇಗ ಬದಲಾದರೂ ಶ್ರುತಿಯನ್ನು ಹಾಗೇ ಹಿಡಿದಿಡುವ ಸೌಲಭ್ಯ) ಇಲ್ಲದೆ ಏರಿಸಿದರೆ ಶ್ರುತಿಯೂ ಜೊತೆಗೇ ಏರುತ್ತದೆ. ಶೇಕಡ 6 ಏರಿದರೆ ಪೂರ್ತಿ ಅರ್ಧ ಸ್ವರ ಮೇಲೆ ಹೋದ ಹಾಗೆ. ಶೇಕಡ 3 ಇನ್ನೂ ಕಷ್ಟ, ಆ ಸ್ವರವೂ ಅಲ್ಲ ಈ ಸ್ವರವೂ ಅಲ್ಲ. ಒಂದೂವರೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ, ಅದರಲ್ಲೂ ಕೊನೆಯ ಎರಡು ನಿಮಿಷದಲ್ಲಿ ಚೂರು ಚೂರೇ ಏರಿಸಿದರೆ.

ಆಮೇಲೆ ಬೀಟುಗಳ ಸಾಲು. ಈ ಸಂಗೀತ ನಾಲ್ಕು ಬೀಟಿಗೊಂದು ಬಾರ್ ಅಂತ ಎಣಿಸಿ, 8, 16, 32 ಬಾರ್‌ಗಳ ಕಟ್ಟುಗಳಲ್ಲಿ ನಡೆಯುತ್ತದೆ. 128ರಲ್ಲಿ 32 ಬಾರ್ ಅಂದರೆ ಸರಿಯಾಗಿ ಒಂದು ನಿಮಿಷ. ಹೊಸ ಟ್ರ್ಯಾಕ್ ಕಟ್ಟಿನ ಮೊದಲ ಬೀಟಿಗೇ ಒಳಗೆ ಬರಬೇಕು. ನಡುವೆ ಬಂದರೆ ಬೀಟ್ ಸರಿಯಿದ್ದರೂ ಕೇಳುವವನಿಗೆ ಏನೋ ಎಡವಿದ ಹಾಗಾಗುತ್ತದೆ. ಒಳಗೆ ಬಂದ ಮೇಲೂ ಎರಡು ಬೇಸ್ ಒಟ್ಟಿಗೆ ಕೇಳಿಸಬಾರದು. ಒಂದೇ ಮಟ್ಟದ ಎರಡು ಕಿಕ್ (ಡ್ರಮ್ಮಿನ ದಪ್ಪ ಹೊಡೆತ) ಸರಿಯಾಗಿ ಒಂದರ ಮೇಲೊಂದು ಕೂತರೆ 6 ಡೆಸಿಬೆಲ್ ಏರುತ್ತದೆ, ಸ್ಪೀಕರ್ ಗೊಗ್ಗರು ಹೊಡೆಯುತ್ತದೆ. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೆ ಕಿಕ್ ಸೊರಗುತ್ತದೆ. ಅದಕ್ಕೆ ಐದನೆಯದರ ಬೇಸ್ ಪೂರ್ತಿ ತೆಗೆದು, ಬರೀ ಶೇಕರ್ (ಗಿಲಕಿಯಂಥ ಸದ್ದು) ಮತ್ತು ಪ್ಯಾಡ್ (ಹಿಂದೆ ಉದ್ದಕ್ಕೆ ಎಳೆಯುವ ಮೆತ್ತನೆಯ ಸ್ವರ) ಮಾತ್ರ ಒಳಗೆ ಬಿಟ್ಟೆ. 16 ಬಾರ್ ಹಾಗೇ ಓಡಿತು. ಹದಿನೇಳನೆಯ ಬಾರಿನ ಮೊದಲ ಬೀಟಿಗೆ ಒಂದರ ಬೇಸ್ ಇಳಿಸಿ ಇನ್ನೊಂದರದು ಎತ್ತಿದೆ. ಆ ಕ್ಷಣದಲ್ಲಿ ಹೊಸ ಟ್ರ್ಯಾಕ್ ಬಂತು ಅಂತ ಅನಿಸುವುದಿಲ್ಲ, ಇದ್ದದ್ದೇ ಬಣ್ಣ ಬದಲಿಸಿತು ಅನಿಸುತ್ತದೆ. ಈ ಆಲ್ಬಮ್‌ನಲ್ಲಿ ನನಗೆ ಅತೀ ಇಷ್ಟದ ಜಾಗ ಅದು.

ಬೆಸುಗೆ ಪರೀಕ್ಷೆಗೆ ಮನೆಗಿಂತ ಕಾರು ಒಳ್ಳೆಯದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್ ಚಿಲ್ಲರೆ, ಗಾಜನೂರು, ಮಂಡಗದ್ದೆ ದಾಟಿ ತುಂಗೆ ಪಕ್ಕದಲ್ಲೇ ಬರುವ ದಾರಿ, ಒಂದು ಡಿಸ್ಕ್ ಕೇಳೋಕೆ ಹೆಚ್ಚೂಕಮ್ಮಿ ಸರಿಹೋಗುತ್ತದೆ. ರಸ್ತೆಯ ಸದ್ದಿನ ನಡುವೆಯೂ ಬೆಸುಗೆ ನಿಂತರೆ ಅಡಿಕೆ ಚಪ್ಪರದಲ್ಲೂ ನಿಲ್ಲುತ್ತದೆ.

ಪುನರ್ವಸು ಮಳೆ ಹಿಡಿದ ಮೇಲೆ ಕೆಲಸದ ಕ್ರಮವೇ ಬದಲಾಗಿದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟೇ ಹೊತ್ತು. ಹಂಚಿನ ಮೇಲೆ, ಕೊಟ್ಟಿಗೆಯ ತಗಡಿನ ಮೇಲೆ ಮಳೆ ಬೀಳುವಾಗ ಹೈಹ್ಯಾಟ್‌ನ ಸಣ್ಣ ತಾಳದ ಸದ್ದು ಪೂರ್ತಿ ಮುಚ್ಚಿಹೋಗುತ್ತದೆ, ಆಗ ಟ್ರೆಬಲ್ ಏರಿಸೋಣ ಅಂತ ಕೈ ಹೋಗುತ್ತದೆ. ಹಾಗಾಗಿ ಮಳೆ ಜೋರಿದ್ದಾಗ ಈಕ್ವಲೈಜರ್ ಮುಟ್ಟುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕ್‌ಗಳ ಶ್ರುತಿ, ಬಾರ್ ಬರೆದುಕೊಳ್ಳುವುದು, ಸಾಲು ಹಿಂದೆ ಮುಂದೆ ಮಾಡುವುದು, ಅಷ್ಟೇ. ಮಳೆ ಹೊಳವಾದಾಗ ಸ್ಪೀಕರ್.

ಎರಡನೇ ಡಿಸ್ಕ್ ಬಗ್ಗೆ ಸಾಗರದ ಗೆಳೆಯನ ಜೊತೆ ದೊಡ್ಡ ವಾದವೇ ಆಯಿತು. ಜರ್ಮನ್ ಡಿಜೆ ಪಾಲ್ ವಾನ್ ಡೈಕ್‌ನ ಫಾರ್ ಆನ್ ಏಂಜೆಲ್ ಹಾಕಲೇಬೇಕು ಅಂತ ಅವನು. "ಅದಿಲ್ದೆ ಟ್ರಾನ್ಸ್ ಆಲ್ಬಮ್ ಎಂತಕ್ಕೆ ಮಾರಾಯ?" 1994ರಲ್ಲಿ ಬಂದು 1998ರ ರೀಮಿಕ್ಸ್‌ನಿಂದ ಮತ್ತೆ ಹೊತ್ತಿಕೊಂಡ ಟ್ರ್ಯಾಕ್ ಅದು, ನನಗೂ ಪ್ರಾಣ. ಆದರೂ ಹಾಕುವುದಿಲ್ಲ. ಎಲ್ಲರಿಗೂ ಗೊತ್ತಿರುವ ರಾಗ ಬಂದ ಕೂಡಲೇ ಕೇಳುವವರು ಅದನ್ನೇ ಹಿಡಿದುಕೊಳ್ಳುತ್ತಾರೆ, ಅದರ ಹಿಂದಿನದೂ ಮುಂದಿನದೂ ಕಾಯುವ ಕೋಣೆ ಆಗಿಬಿಡುತ್ತವೆ. ನನಗೆ ಆ ಎರಡೂ ಮುಖ್ಯ. ಅವನು ಇನ್ನೂ ಒಪ್ಪಿಲ್ಲ.

ಟ್ರಾನ್ಸ್‌ನಲ್ಲಿ ಬ್ರೇಕ್‌ಡೌನ್ ಉದ್ದ, ಕಿಕ್ ನಿಂತು ಒಂದು ನಿಮಿಷದ ಮೇಲೂ ಬರೀ ರಾಗವೇ ಇರುತ್ತದೆ. ಒಂದಾದ ಮೇಲೊಂದು ಹಾಗೇ ಬಂದರೆ ಸುಲಿಯುವ ಕೈ ನಿಂತುಬಿಡುತ್ತದೆ. ಅದಕ್ಕೆ ಎರಡು ದೊಡ್ಡ ಬ್ರೇಕ್‌ಡೌನ್‌ಗಳ ನಡುವೆ ಕಿಕ್ ಬಿಡದೆ ಓಡುವ ಒಂದು ಟ್ರ್ಯಾಕ್ ಇಡುತ್ತಿದ್ದೇನೆ. ಏಳು ಟ್ರ್ಯಾಕ್ ಗಟ್ಟಿಯಾಗಿದೆ, ಉಳಿದವು ಇನ್ನೂ ಅಲ್ಲಾಡುತ್ತಿವೆ.

ಸಿಕ್ಕಿಲ್ಲದಿರುವುದು ಆರಂಭ. 1994ರ ಡಿಸೆಂಬರ್‌ನಲ್ಲಿ ಬಿಬಿಸಿ ರೇಡಿಯೋ 1ರಲ್ಲಿ ಪ್ರಸಾರವಾದ ಬ್ರಿಟಿಷ್ ಡಿಜೆ ಪಾಲ್ ಓಕನ್‌ಫೋಲ್ಡ್‌ನ ಗೋವಾ ಮಿಕ್ಸ್ ಕೇಳಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ಟ್ರಾನ್ಸ್ ನಡುವೆ ಸಿನಿಮಾದ ಹಿನ್ನೆಲೆ ಸಂಗೀತದ ತುಣುಕುಗಳನ್ನೂ ಸೇರಿಸಿದ್ದ. ನಮಗೆ ಪಕ್ಕದ ಗೋವಾದ ಕಡಲತೀರದ ಹೆಸರು ಹೊತ್ತ ಆ ಎರಡು ಗಂಟೆ ನನಗೆ ಈಗಲೂ ಪಾಠ. ಎರಡನೇ ಡಿಸ್ಕ್ ಹಾಗೆ ಬೀಟ್ ಇಲ್ಲದೆ ತೆರೆದುಕೊಳ್ಳಬೇಕು, ಎರಡು ಮೂರು ನಿಮಿಷ ಬರೀ ಪ್ಯಾಡ್, ಆಮೇಲೆ 130ರ ಕಿಕ್. ಮೊದಲ ಡಿಸ್ಕ್ ಇ ಮೈನರ್‌ನಲ್ಲಿ ಮುಗಿಯುತ್ತದೆ, ಹಾಗಾಗಿ ಇದು ಇ ಮೈನರ್, ಬಿ ಮೈನರ್ ಅಥವಾ ಜಿ ಮೇಜರ್ ಆದರೆ ಒಳ್ಳೆಯದು. ಹಾಡುವ ದನಿ ಬೇಡ, ಡ್ರಮ್ ಬೇಡ, ದುಡ್ಡು ಕೊಟ್ಟು ತೆಗೆದುಕೊಳ್ಳುವ ಹಾಗಿರಬೇಕು. ಅಂಥದ್ದು ಯಾರಿಗಾದರೂ ಗೊತ್ತಿದ್ದರೆ ಹೆಸರು ತಿಳಿಸಿ.