ಬೈಂದೂರಲ್ಲೇ ಸೈಕಲ್ ಇಳಿದೆ

ಸೈಕಲಲ್ಲಿ ಗೋವಾ ಮುಟ್ಟಿದ್ಯಾ ಅಂತ ಆಫೀಸಲ್ಲಿ ಎಲ್ರೂ ಕೇಳಿದ್ದಾಯ್ತು. ಒಬ್ರಿಗೆ ರಜೆ ಸಾಕಾಗ್ಲಿಲ್ಲ ಅಂದೆ, ಇನ್ನೊಬ್ರಿಗೆ ಮಂಡಿನೋವು ಅಂದೆ. ಎರಡೂ ಪೂರ್ತಿ ಸುಳ್ಳೇನಲ್ಲ, ಆದ್ರೆ ನಿಲ್ಸಿದ್ದು ಅದಕ್ಕಲ್ಲ.

ಪ್ಲಾನ್ ಇದ್ದಿದ್ದು ಹೀಗೆ. ಬೆಂಗಳೂರು ಬಿಟ್ಟು ತುಮಕೂರು, ತಿಪಟೂರು, ಮೊದಲ್ನೇ ರಾತ್ರಿ ಅರಸೀಕೆರೆ. ಎರಡನೇ ರಾತ್ರಿ ಶಿವಮೊಗ್ಗ. ಮೂರನೇ ದಿನ ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಉಡುಪಿ, ಅಲ್ಲಿಂದ ಹೈವೇ 66 ಹಿಡ್ಕೊಂಡು ಹೊನ್ನಾವರ, ಕಾರವಾರ, ಕೊನೆಗೆ ಗೋವಾದ ಪಾಲೊಲೆಂ ಬೀಚ್. ಒಬ್ನೇ. ಫೆಬ್ರವರಿ ಕೊನೆ ವಾರ, ಇನ್ನೂ ತಂಪಿರತ್ತೆ ಅಂತ ಬೆಂಗಳೂರಲ್ಲಿ ಫ್ಯಾನ್ ಕೆಳಗೆ ಕೂತು ಲೆಕ್ಕ ಹಾಕಿದ ಮಹಾನುಭಾವ ನಾನು.

ನೋವು ಶುರುವಾಗಿದ್ದು ಕಡೂರು ಹತ್ರಾನೇ. ಮಂಡಿ ಮುಂಭಾಗ. ಇದು ನಂಗೆ ಹಳೇ ಪರಿಚಯ, ಸೀಟು ಸ್ವಲ್ಪ ತಗ್ಗಿದ್ರೆ ಹಿಂಗಾಗತ್ತೆ, ಅಲೆನ್ ಕೀ ತೆಗೆದು ಅರ್ಧ ಸೆಂಟಿಮೀಟರ್ ಏರಿಸ್ದೆ, ಬೀರೂರು ದಾಟೋ ಹೊತ್ತಿಗೆ ಪರವಾಗಿಲ್ಲ ಅನ್ನಿಸ್ತು. ಆಗುಂಬೆ ಇಳೀವಾಗ 14 ತಿರುವಲ್ಲೂ ಬ್ರೇಕ್ ಹಿಡ್ದು ಹಿಡ್ದು ಕಿರುಬೆರಳು ಉಂಗುರಬೆರಳು ಎರಡೂ ಜೋಮು ಹಿಡಿದಿದ್ವು, ಹ್ಯಾಂಡಲ್ ಮೇಲೆ ಅಂಗೈ ಒತ್ತಿ ನರಕ್ಕೆ ಪೆಟ್ಟು ಬಿದ್ರೆ ಹಾಗೆ, ಕೈ ಇಡೋ ಜಾಗ ಬದಲಾಯಿಸ್ತಾ ಇದ್ರೆ ಸರಿಹೋಗತ್ತೆ. ಈ ಥರ ನೋವಿಗೆಲ್ಲ ಏನೋ ಒಂದು ರಿಪೇರಿ ಇದೆ, ಅದಕ್ಕೇ ನಂಗೆ ಅದ್ರ ಭಯ ಇಲ್ಲ.

ನಾಲ್ಕನೇ ದಿನ ಉಡುಪಿ ಬಿಟ್ಟಿದ್ದೇ ಲೇಟು. ಕುಂದಾಪುರ ದಾಟಿದೆ, ಮರವಂತೆ ಬಂತು, ಒಂದ್ಕಡೆ ಸಮುದ್ರ ಇನ್ನೊಂದ್ಕಡೆ ಸೌಪರ್ಣಿಕಾ ನದಿ, ನಿಲ್ಲಿಸಿ ಫೋಟೋ ತೆಗೀಬೇಕು ಅಂತ ಆರು ತಿಂಗಳಿಂದ ಅಂದ್ಕೊಂಡಿದ್ದ ಜಾಗ, ನಿಲ್ಲಿಸ್ಲೇ ಇಲ್ಲ. ನಿಲ್ಲಿಸ್ಬೇಕು ಅಂತ ಹೊಳೀಲೂ ಇಲ್ಲ. ಕರಾವಳಿ ಬಿಸಿಲಲ್ಲಿ ಬೆವರು ಆರಲ್ಲ, ಬರೀ ಸುರಿಯತ್ತೆ, ಮೈ ತಣ್ಣಗಾಗೋದೇ ಇಲ್ಲ. ನಾನು ಬರೀ ನೀರು ಕುಡೀತಾ ಇದ್ದೆ, ಉಪ್ಪಿನಂಶ ಏನೂ ಇಲ್ಲ, ಒಆರ್‌ಎಸ್ ಪ್ಯಾಕೆಟ್ ಬ್ಯಾಗಲ್ಲಿ ಭದ್ರವಾಗಿತ್ತು!

ಮೀಟರಲ್ಲಿ ಆ ದಿನದ್ದು 64 ಕಿ.ಮೀ. ಅಂತ ತೋರಿಸ್ತಿತ್ತು. ಉಡುಪಿಯಿಂದ ಹೊನ್ನಾವರಕ್ಕೆ 130 ಅಂತ ಹಿಡ್ಕೊಂಡಿದ್ದೆ. ಎಷ್ಟು ಉಳೀತು ಅಂತ ಕಳೆಯೋಕೆ ಹೋದೆ, ಆಗ್ಲಿಲ್ಲ. 130ರಲ್ಲಿ 64. ನಾಲ್ಕನ್ನ ಹತ್ತರಿಂದ ತೆಗೀಬೇಕು, ದಶಕ ತಗೋಬೇಕು, ಎಲ್ಲಿಂದ ತಗೋಬೇಕು, ಮತ್ತೆ ಮೊದಲಿಂದ. ದಿನಾ ಎಕ್ಸೆಲ್ ಶೀಟ್ ಜೊತೆ ಗುದ್ದಾಡೋನು ನಾನು. ಹಿಂದಿನಿಂದ ಜೋರಾಗಿ ಹಾರ್ನ್ ಬಿತ್ತು, ನೋಡಿದ್ರೆ ಬಿಳಿ ಗೆರೆ ದಾಟಿ ಲಾರಿ ಬರೋ ದಾರೀಲಿ ಹೋಗ್ತಾ ಇದೀನಿ. ಟ್ಯಾಂಕರ್ ಪಕ್ಕದಲ್ಲೇ ಹೋಯ್ತು. ಹೆದರಿಕೆ ಕೂಡ ಆಗ್ಲಿಲ್ಲ ನೋಡಿ, ಆ ಸುಡುಬಿಸಿಲಲ್ಲಿ ತೋಳ ಮೇಲೆ ಚಳಿಗೆ ಏಳೋ ಹಾಗೆ ರೋಮ ಎದ್ದಿತ್ತು, ಇದ್ಯಾಕಪ್ಪ ಅಂತಷ್ಟೇ ಅನ್ನಿಸಿದ್ದು.

ಬೈಂದೂರು ಹತ್ರ ಒಂದು ಗೂಡಂಗಡಿ. ಅಮ್ಮ ಒಬ್ರು ನನ್ನ ಮುಖ ನೋಡಿದ್ದೇ ತಡ, "ಎಂತ ಮಾರಾಯ್ರೆ, ಮೊದ್ಲು ಕೂತ್ಕೊಳ್ಳಿ" ಅಂತ ಬೆಂಚಲ್ಲಿದ್ದೋರನ್ನ ಎಬ್ಬಿಸಿ ಕೂರಿಸಿ ಪುನರ್ಪುಳಿ ಶರಬತ್ತಿಗೆ ಉಪ್ಪು ಹಾಕಿ ಕೊಟ್ರು. ಎರಡು ಗ್ಲಾಸ್ ಆದ್ಮೇಲೆ, ತಲೆಗೆ ನೀರು ಸುರ್ಕೊಂಡು ಮುಕ್ಕಾಲು ಗಂಟೆ ಕೂತ್ಮೇಲೆ, ಯಾರೂ ಕೇಳದೇನೇ 66 ಅಂತ ಉತ್ತರ ಹೊಳೀತು.

ಈಗ ಹುಷಾರಾದೆ ಅಲ್ವಾ, ಸಂಜೆ ತಂಪಲ್ಲಿ ಮುಂದೆ ಹೋಗ್ಬೋದಿತ್ತು. ಹಾಗೇ ಅನ್ನಿಸ್ತು ಕೂಡ. ಆದ್ರೆ ಯೋಚ್ನೆ ಮಾಡಿ, ಹೋಗ್ಬೋದಾ ಬೇಡ್ವಾ ಅಂತ ತೀರ್ಮಾನ ಮಾಡ್ಬೇಕಾಗಿರೋದೇ ಈ ತಲೆ, ಸ್ವಲ್ಪ ಹೊತ್ತಿನ ಮುಂಚೆ ಕಳೆಯೋ ಲೆಕ್ಕ ಬರದೇ ಇದ್ದ ತಲೆ. ಇನ್ನೊಂದ್ಸಲ ಅದು ಕೈಕೊಟ್ರೆ ನಂಗೆ ಗೊತ್ತೂ ಆಗಲ್ಲ, ಅಂಗಡಿ ಅಮ್ಮ ಪ್ರತಿ ಹತ್ತು ಕಿಲೋಮೀಟರಿಗೊಬ್ರು ಸಿಗ್ತಾರಾ?

ಬ್ರೆವೆಗಳಲ್ಲಿ, ಅಂದ್ರೆ ಟೈಮ್ ಲಿಮಿಟ್ ಇರೋ ದೂರದ ಸೈಕಲ್ ರೈಡ್‌ಗಳಲ್ಲಿ, ಈ ತಾಪತ್ರಯ ಇಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ, ದಾರೀಲಿ ಹಾಜರಿ ಹಾಕೋ ಕಂಟ್ರೋಲ್ ಮುಚ್ಚಿದ್ರೆ ಮುಗೀತು, ನಿನ್ನನ್ನ ನಿಲ್ಸೋದು ಗಡಿಯಾರ. ನಂದೂ ಒಂದು 600 ಡಿಎನ್‌ಎಫ್, ಅಂದ್ರೆ ಮುಗಿಸದೇ ಬಿಟ್ಟಿದ್ದು, ಇದೆ, ಬೈಕೊಂಡು ಬಂದು ಮಲಗಿದೆ, ಅಷ್ಟೇ. ಸ್ವಂತ ಟ್ರಿಪ್ಪಲ್ಲಿ ಬಾಗಿಲು ಮುಚ್ಚೋರು ಯಾರೂ ಇರಲ್ಲ. ಅದಕ್ಕೆ ಈಗ ಹೊರಡೋ ಮುಂಚೆ ಮನೇಲೇ ಬರೆದಿಡೋಣ ಅಂತಿದೀನಿ, ಬಿಸಿಲಲ್ಲಿ ಚಳಿಯಾದ್ರೆ, ಲೆಕ್ಕ ತಪ್ಪಿದ್ರೆ, ಗೆರೆ ದಾಟಿದ್ರೆ ಆ ದಿನಕ್ಕೆ ಬಂದ್ ಅಂತ. ಹೆಂಡತಿ ಹತ್ರ ಒಂದು ಕಾಪಿ. ಅವಳು ಇದಕ್ಕೆ ಮೂರು ಪಾಯಿಂಟ್ ಸೇರಿಸಿ ಆಗ್ಲೇ ಕೊಟ್ಟಿದಾಳೆ, ಒಂದಂತೂ ಅನ್ಯಾಯ.

ರಾತ್ರಿ ಬಸ್ಸಲ್ಲಿ ವಾಪಸ್. ಮುಂದಿನ ಚಕ್ರ ಬಿಚ್ಚಿ, ಗೇರ್ ಬದಲಾಯಿಸೋ ಡಿರೇಲರ್ ಮೇಲ್ಗಡೆ ಬರೋ ಹಾಗೆ ಡಿಕ್ಕೀಲಿ ಮಲಗಿಸ್ದೆ, ಲಗೇಜ್ ಚಾರ್ಜ್ ಅಂತ ಕ್ಲೀನರ್ ಕೇಳಿದ್ದು ಕೇಳಿ ನಿದ್ದೆ ಹಾರಿಹೋಯ್ತು, ಚೌಕಾಸಿ ಮಾಡೋವಷ್ಟು ಚೈತನ್ಯ ಮಾತ್ರ ಬಂದಿತ್ತು. ಪಾಲೊಲೆಂಗೆ ಇನ್ನೂ ಹತ್ರ ಹತ್ರ 180 ಕಿ.ಮೀ. ಬಾಕಿ. ಸೈಕಲ್ ಮೀಟರ್ ಝೀರೋ ಮಾಡಿಲ್ಲ, ಡಿಸೆಂಬರಲ್ಲಿ ಬೈಂದೂರಿಂದಾನೇ ಶುರು ಮಾಡೋದು, ಮೊದ್ಲು ಒಂದು ಶರಬತ್ತು ಕುಡಿದು.