ಮೈಕಿಗೆ ಏನು ಕೇಳಿಸಬಾರದು?

ಸ್ಟುಡಿಯೋಗೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದು "ಯಾವ ಮೈಕ್ ಹಾಕೋಣ ಸರ್?" ಅಂತ. ನಾನು ಮೊದಲು ನೋಡುವುದು ಯಾರು ಎಲ್ಲಿ ಕೂರುತ್ತಾರೆ ಅನ್ನುವುದನ್ನು.

ವೀಣೆ, ಮೃದಂಗದ ರೆಕಾರ್ಡಿಂಗನ್ನೇ ತಗೊಳ್ಳಿ. ವೀಣೆಯ ದನಿ ಸಣ್ಣದು, ಮೃದಂಗದ್ದು ಜೋರು. ಬೇರೆ ಬೇರೆ ಬೂತಿನಲ್ಲಿ ಕೂರಿಸಿದರೆ ನಮ್ಮ ಕೆಲಸ ಸುಲಭ. ಆದರೆ ಮೃದಂಗದವರು ವೈಣಿಕರ ಕೈ ನೋಡಿಕೊಂಡು ನುಡಿಸುವವರು. ಅದು ತಪ್ಪಿದರೆ ಕಲ್ಪನಾಸ್ವರದ, ಅಂದರೆ ಆ ಕ್ಷಣದಲ್ಲೇ ಹೆಣೆಯುವ ಸ್ವರಗಳ ಸೊಗಸೇ ಹೋಗುತ್ತದೆ. ಹಾಗಾಗಿ ಇಬ್ಬರೂ ಒಂದೇ ಕೋಣೆಯಲ್ಲಿರಲಿ ಅಂತ ಹಟ ಹಿಡಿಯುತ್ತೇನೆ.

ಆಗ ವೀಣೆಯ ಮೈಕಿಗೆ ಮೃದಂಗ ನುಗ್ಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಎರಡು ಮೀಟರ್ ದಾಟಲು ಸುಮಾರು 6 ಮಿಲಿಸೆಕೆಂಡ್ ಬೇಕು. ಒಂದೇ ಏಟು ಎರಡು ಮೈಕಿಗೆ ಹಿಂದುಮುಂದಾಗಿ ಬರುತ್ತದೆ. ಎರಡನ್ನೂ ಕೂಡಿಸಿದಾಗ ಕೆಲವು ಫ್ರೀಕ್ವೆನ್ಸಿಗಳು ಸತ್ತು, ನಾದ ಟೊಳ್ಳಾಗುತ್ತದೆ. "ಮಿಕ್ಸಿಂಗ್‌ನಲ್ಲಿ ನೋಡ್ಕೊಳ್ಳೋಣ" ಅನ್ನುವವರಿಗೆ ಹೇಳುವುದಿಷ್ಟೇ: ಈಕ್ಯೂ (ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಗುಂಡಿ) ಎಷ್ಟು ತಿರುಗಿಸಿದರೂ ಇದು ಸರಿಹೋಗಲ್ಲ.

ನಾನು ನಂಬುವುದು ಫಿಗರ್-8 ಮೈಕನ್ನು. ಅದು ಹಿಂದೆ, ಮುಂದೆ ಸಮನಾಗಿ ಕೇಳಿಸಿಕೊಳ್ಳುತ್ತದೆ. ಪಕ್ಕಗಳಲ್ಲಿ ಹೆಚ್ಚುಕಮ್ಮಿ ಕಿವುಡು. ವೀಣೆಯ ಕುದುರೆಯಿಂದ (ತಂತಿಗಳನ್ನು ಹೊರುವ ಸೇತುವೆ) ಒಂದೂವರೆ ಅಡಿ ಮೇಲೆ, ಕೆಳಮುಖವಾಗಿ ಕಟ್ಟುತ್ತೇನೆ. ತೀರಾ ಹತ್ತಿರ ತಂದರೆ ಮಂದ್ರದ ತಂತಿಯ ದನಿ ದಪ್ಪಗಾಗುತ್ತದೆ. ಈ ಮೈಕಿನ ಸ್ವಭಾವವೇ ಹಾಗೆ. ಬೆನ್ನು ಚಾವಣಿ ಕಡೆ ಇರುವುದರಿಂದ ಚಾವಣಿ ಎತ್ತರ ಇರಬೇಕು, ಇಲ್ಲವೇ ಅಲ್ಲಿ ಶಬ್ದ ಹೀರುವ ಪ್ಯಾನೆಲ್ ಇರಬೇಕು.

ಆಮೇಲೆ ಮೃದಂಗದವರೊಬ್ಬರನ್ನೇ ನುಡಿಸಲು ಕೇಳಿಕೊಳ್ಳುತ್ತೇನೆ. ನಾನು ಹೆಡ್‌ಫೋನಿನಲ್ಲಿ ಕೇಳುವುದು ವೀಣೆಯ ಮೈಕನ್ನು ಮಾತ್ರ. ಅಸಿಸ್ಟೆಂಟ್ ಮೈಕನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋಗುತ್ತಾನೆ. ಮೈಕಿನ ಕಿವುಡು ಪಕ್ಕ ಮೃದಂಗಕ್ಕೆ ನೇರವಾಗುವ ಒಂದು ಕೋನದಲ್ಲಿ ಬಲಗಡೆಯ 'ನಂ', ಎಡಗಡೆ ತೊಪ್ಪಿಯ 'ತೋಂ' ಎರಡೂ ಥಟ್ಟನೆ ಹಿಂದೆ ಸರಿಯುತ್ತವೆ. ಅಲ್ಲೇ ಸ್ಟ್ಯಾಂಡಿನ ತಿರುಪು ಬಿಗಿ. ಗೋಡೆಗೆ ಬಡಿದು ಬರುವುದು ಉಳಿದೇ ಉಳಿಯುತ್ತದೆ. ಮೃದಂಗದ ಹಿಂದೆ ದಪ್ಪ ಪರದೆ ಎಳೆದರೆ ಅದೂ ತಗ್ಗುತ್ತದೆ. ಲೆವೆಲ್ ವಿಷಯದಲ್ಲಿ ಆತುರ ಬೇಡ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಪೀಕ್, ಅಂದರೆ ಅತಿ ಜೋರಿನ ಏಟು, ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್‌ನ ಆಸುಪಾಸು ಇದ್ದರೆ ಧಾರಾಳ ಸಾಕು.

ವೀಣೆಗೆ ಪಿಕಪ್ (ವಾದ್ಯದ ಕಂಪನವನ್ನೇ ನೇರ ಹಿಡಿಯುವ ಪುಟ್ಟ ಸಾಧನ) ಅಂಟಿಸಿದರೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಗದ್ದಲದ ವೇದಿಕೆಗೆ ಅದು ಬೇಕು, ಒಪ್ಪುತ್ತೇನೆ. ಆದರೆ ರೆಕಾರ್ಡಿಂಗ್‌ನಲ್ಲಿ ಮೀಟು ಮಾತ್ರ ಮುಂದೆ ನಿಲ್ಲುತ್ತದೆ. ಹಲಸಿನ ಮರದ ಕೊಡ ಗಾಳಿಯಲ್ಲಿ ತುಂಬುವ ನಾದ ಪಿಕಪ್‌ಗೆ ಸಿಗುವುದಿಲ್ಲ.